ದಾಕ್ಷಾಯಣಿಯ ಬೇನೆ

ನಮ್ಮೂರಿನಲ್ಲಿ ಬಸಿರು ಒಬ್ಬರದು, ಬೇನೆ ಇನ್ನೊಬ್ಬರದು. ಹೊಟ್ಟೆ ಬೆಳೆಯುವುದು ಮೇಲಿನ ಓಣಿಯ ಸೊಸೆಗೆ. ಬೆಳಿಗ್ಗೆ ಎದ್ದು ಬಾಯಿ ಮುಚ್ಚಿಕೊಂಡು ಬಚ್ಚಲಿಗೆ ಓಡುವುದು ಕೆಳಗಿನ ಓಣಿಯ ಅಂಗನವಾಡಿ ಟೀಚರು. ಮಗು ಒದ್ದರೆ ತಾಯಿಗೇ ತಿಳಿಯುತ್ತದೆ, ಆ ಸುಖ ಆಕೆಯದೇ. ಆದರೆ ನೋವು, ಸಂಕಟ, ವಾಂತಿ, ಹುಳಿ ತಿನ್ನಬೇಕೆನ್ನುವ ಬಯಕೆ, ಇವೆಲ್ಲ ಬೇರೊಬ್ಬರ ಮೈಗೆ ಹೋಗಿ ಕೂಡುತ್ತವೆ. ಬಾಣಂತಿಗೆ ಮೊದಲ ಸಲ ತಲೆಗೆ ಎರೆಯುವ ತನಕ ಅಲ್ಲಿಯೇ ಇರುತ್ತವೆ. ಹೀಗೇಕೆ ಎಂದು ಕೇಳಬೇಡಿ. ನಿಮ್ಮೂರಿನಲ್ಲಿ ಹಾಗೇಕೆ ಎಂದು ನಾವು ಯಾವತ್ತಾದರೂ ಕೇಳಿದ್ದೇವೆಯೇ?

ಬೇನೆ ಯಾರಿಗೆ ಹೋಗಿದೆ ಎಂದು ತಿಳಿಯಲು ಮೂರನೇ ತಿಂಗಳಲ್ಲಿ ಚಿವುಟುವ ಶಾಸ್ತ್ರ ಮಾಡುತ್ತೇವೆ. ಓಣಿಯ ಹೆಂಗಸರೆಲ್ಲ ಅಂಗಳದಲ್ಲಿ ದುಂಡಗೆ ಕೂಡುತ್ತಾರೆ, ನಡುವೆ ಬಸುರಿ. ಮನೆಯ ಹಿರಿಯಳು ಆಕೆಯ ರಟ್ಟೆ ಹಿಡಿದು ಬಲವಾಗಿ ಚಿವುಟುತ್ತಾಳೆ. ಬಸುರಿ ಪಿಳಿಪಿಳಿ ನೋಡುತ್ತಾ ಕೂತಿರುತ್ತಾಳೆ, ಗುಂಪಿನಲ್ಲಿ ಎಲ್ಲೋ ಒಬ್ಬಳು "ಅಯ್ಯಯ್ಯೋ!" ಎಂದು ತನ್ನ ರಟ್ಟೆ ಹಿಡಿದುಕೊಳ್ಳುತ್ತಾಳೆ. ಆಕೆಯೇ ಬೇನವ್ವ. ಎಲ್ಲರೂ ಹೋ ಎಂದು ನಗುತ್ತಾರೆ, ಆಕೆಗೆ ಅರಿಸಿನ ಕುಂಕುಮ ಹಚ್ಚಿ ಉಡಿ ತುಂಬುತ್ತಾರೆ. ಅಲ್ಲಿಂದ ಮುಂದೆ ದವಾಖಾನೆಗೆ ಹೋಗುವುದು ಇಬ್ಬರೂ ಜೋಡಿಯಾಗಿ. ನಮ್ಮ ಹಳೆಯ ಡಾಕ್ಟರರ ಮುಂದೆ ಯಾವಾಗಲೂ ಎರಡು ಸ್ಟೂಲು ಇರುತ್ತಿದ್ದವು. ಅವರು ನಾಡಿ ಹಿಡಿಯುತ್ತಿದ್ದುದು ಬಸುರಿಯದು, ಎಲ್ಲಿ ನೋಯುತ್ತದೆ ಎಂದು ಕೇಳುತ್ತಿದ್ದುದು ಬೇನವ್ವನನ್ನು. ಹೆರಿಗೆಯ ದಿನ ಒಳಗಿನ ಕೋಣೆಯಲ್ಲಿ ಬಸುರಿ ತೆಪ್ಪಗೆ ಹಡೆಯುತ್ತಾಳೆ, ಹೊರಗಿನ ಕೋಣೆಯಲ್ಲಿ ಬೇನವ್ವ ಊರು ಹಾರಿಹೋಗುವಂತೆ ಕೂಗುತ್ತಾಳೆ. ಆಮೇಲೆ ವರ್ಷಾನುಗಟ್ಟಲೆ ಹಬ್ಬದ ಮೊದಲ ಹೋಳಿಗೆ ಬೇನವ್ವನ ಮನೆಗೆ ಹೋಗುತ್ತದೆ.

ಇದನ್ನೆಲ್ಲ ಇಷ್ಟು ಚೆನ್ನಾಗಿ ಹೇಗೆ ಬಲ್ಲೆನೆಂದರೆ, ಈ ಶಾಸ್ತ್ರಗಳಿಗೆ ಖುರ್ಚಿ ಒದಗಿಸುವವನು ನಾನೇ. ಶಾಮಿಯಾನ, ಖುರ್ಚಿ, ದೊಡ್ಡ ಪಾತ್ರೆ ಬಾಡಿಗೆಗೆ ಕೊಡುವ ಖುರ್ಚಿ ಮಾನಪ್ಪ ಅಂದರೆ ಊರಿಗೆಲ್ಲ ಗೊತ್ತು. ಅಂಗಳದಲ್ಲಿ ಹೆಂಗಸರು ನಗುತ್ತಿರುವಾಗ ಮೂಲೆಯಲ್ಲಿ ಖುರ್ಚಿ ಎಣಿಸುತ್ತಾ ನಿಂತಿರುತ್ತಿದ್ದೆ. ಬೇನೆ ಗಂಡಸರಿಗೆ ಹೋಗುವುದೇ ಇಲ್ಲ ಎಂದೇನಿಲ್ಲ. ನಮ್ಮಜ್ಜನ ಕಾಲದಲ್ಲಿ ಒಬ್ಬ ಪೈಲ್ವಾನನಿಗೆ ಬಂದಿತ್ತಂತೆ. ಹೆರಿಗೆಯ ದಿನ ಆತ ಗರಡಿಮನೆಯ ಕೆಮ್ಮಣ್ಣಿನಲ್ಲಿ ಹೊರಳಾಡಿ "ಯವ್ವಾ" ಎಂದು ಅತ್ತದ್ದನ್ನು ಊರು ಇನ್ನೂ ಆಡಿಕೊಳ್ಳುತ್ತದೆ. ಅಂಥದ್ದು ಅಪರೂಪ. ಹಾಗಾಗಿ ಗಂಡಸರನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಗಂಡಸರಿಗೂ ಅದೇ ಬೇಕು.

ಆಮೇಲೆ ಆ ದೊಡ್ಡ ಜಡ್ಡು ಬಂತು. ಮದುವೆ ಇಲ್ಲ, ಮುಂಜಿ ಇಲ್ಲ, ನಾಲ್ಕು ಜನ ಒಂದು ಕಡೆ ಕೂಡುವಂತಿಲ್ಲ. ಬಾಡಿಗೆಗೆ ಹೋಗಿದ್ದ ಖುರ್ಚಿಗಳೆಲ್ಲ ಮನೆಗೆ ಬಂದು ಬಿದ್ದವು. ಪಡಸಾಲೆ, ಅಡಿಗೆಮನೆ, ದೇವರ ಮೂಲೆ, ಎಲ್ಲೆಲ್ಲೂ ಕೆಂಪು ಪ್ಲಾಸ್ಟಿಕ್ ಖುರ್ಚಿ. ಕೆಮ್ಮಿದವರನ್ನು, ಮೈ ಬೆಚ್ಚಗಾದವರನ್ನು ಬಿಳಿ ವ್ಯಾನು ಬಂದು ಸಂತೆಪೇಟೆಯ ತಗಡಿನ ಶೆಡ್ಡಿಗೆ ಒಯ್ಯುತ್ತಿತ್ತು. ಹೋದವರಲ್ಲಿ ಕೆಲವರು ತಿರುಗಿ ಬರಲಿಲ್ಲ. ನಮ್ಮ ಹಳೆಯ ಡಾಕ್ಟರರೂ ಬರಲಿಲ್ಲ. ಅವರ ದವಾಖಾನೆಗೆ ಬೀಗ ಬಿದ್ದ ಮೇಲೆ ಬಸುರಿಯರಿಗೆಂದು ಒಂದು ಫೋನ್ ನಂಬರು ಕೊಟ್ಟರು. ಗುರುವಾರ ಗುರುವಾರ ವಿಡಿಯೊದಲ್ಲಿ ಒಬ್ಬ ಡಾಕ್ಟರಮ್ಮ ಮುಖ ತೋರಿಸಿ ಮಾತಾಡುತ್ತಿದ್ದರು. ಹೆಸರು ಫಿಲೋಮಿನಾ, ಸಮುದ್ರದ ಕಡೆಯವರು. ನಮ್ಮೂರನ್ನು ಕಂಡವರಲ್ಲ, ನಮ್ಮ ರೀತಿ ರಿವಾಜು ಅರಿತವರಲ್ಲ. ಒಳ್ಳೆಯವರು. ಬಸುರಿ ಏನು ಹೇಳುತ್ತಾಳೋ ಅದನ್ನು ನಂಬುತ್ತಿದ್ದರು.

ಆ ಹೊತ್ತಿಗೇ ನಮ್ಮ ಎದುರು ಮನೆಯ ದಾಕ್ಷಾಯಣಿ ಬಸುರಾದದ್ದು. ಗಂಡ ಲಾರಿ ಡ್ರೈವರು. ಎಲ್ಲೋ ಗಡಿಯಲ್ಲಿ ಲಾರಿಯ ಜೊತೆ ಸಿಕ್ಕಿಕೊಂಡು ಅಲ್ಲೇ ಉಳಿದಿದ್ದ. ಮನೆಯಲ್ಲಿ ಆಕೆ ಮತ್ತು ಅತ್ತೆ ಗುರುಸಿದ್ಧವ್ವ, ಇಬ್ಬರೇ. ಮೂರನೇ ತಿಂಗಳು ಬಂದಾಗ ಗುರುಸಿದ್ಧವ್ವ ಶಾಸ್ತ್ರ ಬಿಡುವುದು ಹೇಗೆ ಎಂದು ಓಣಿಯ ಹೆಂಗಸರನ್ನೆಲ್ಲ ವಿಡಿಯೊ ಕಾಲಿನಲ್ಲೇ ಕೂಡಿಸಿದಳು. ಫೋನಿನ ತುಂಬ ಬೆರಳುಗುರಿನಷ್ಟು ಮುಖಗಳು. ಗುರುಸಿದ್ಧವ್ವ ಸೊಸೆಯ ರಟ್ಟೆ ಚಿವುಟಿದಳು. ಸರಿಯಾಗಿ ಆ ಹೊತ್ತಿಗೆ ಮೂಲೆಮನೆಯ ಕಾಶವ್ವ "ಅಯ್ಯಯ್ಯೋ!" ಎಂದಳು. ಎಲ್ಲರೂ ಹೋ ಎಂದರು. ಪಾಪ, ಆಕೆ ಮಾತು ಕೇಳುತ್ತಲೇ ರೊಟ್ಟಿ ಮಾಡುತ್ತಿದ್ದಳು. ಕೈ ಹಂಚಿಗೆ ತಾಗಿತ್ತು. ಆದರೆ ಅಷ್ಟೊತ್ತಿಗೆ ಎಲ್ಲರೂ ಬೇನವ್ವ, ಬೇನವ್ವ ಎಂದು ಕೂಗಿದ್ದರಿಂದ ಆಕೆಗೂ ಅದೇ ಖರೆ ಎನ್ನಿಸಿತು. ಅದೇ ಹೊತ್ತಿನಲ್ಲಿ ನಾನು ಪಡಸಾಲೆಯಲ್ಲಿ ಖುರ್ಚಿಯ ಧೂಳು ಒರೆಸುತ್ತಿದ್ದೆ. ರಟ್ಟೆಗೆ ಚುರುಕ್ಕೆಂದಿತು. ಕಟ್ಟಿರುವೆ ಎಂದುಕೊಂಡು ಒರೆಸಿ ಹಾಕಿದೆ. ಶಾಸ್ತ್ರ ಅಂಗಳದಲ್ಲಿ ನಡೆದಿದ್ದರೆ ನಾನೂ ಅಲ್ಲೇ ಮೂಲೆಯಲ್ಲಿ ಇರುತ್ತಿದ್ದೆ, ಎಲ್ಲರೆದುರು ಕೂಗುತ್ತಿದ್ದೆ, ಊರು ಒಂದು ವಾರ ನಕ್ಕು ಸುಮ್ಮನಾಗುತ್ತಿತ್ತು.

ಅಲ್ಲಿಂದ ಪ್ರತಿ ಗುರುವಾರ ದಾಕ್ಷಾಯಣಿ ತನ್ನ ಮನೆಯಿಂದ, ಕಾಶವ್ವ ತನ್ನ ಮನೆಯಿಂದ ಡಾಕ್ಟರ ಮುಂದೆ ಕೂಡತೊಡಗಿದರು. ತಲೆನೋವು ಉಂಟಾ ಎಂದು ಡಾಕ್ಟರು ಕೇಳಿದರೆ ದಾಕ್ಷಾಯಣಿ ಫೋನಿನಲ್ಲಿದ್ದ ಕಾಶವ್ವನ ಮುಖ ನೋಡುತ್ತಿದ್ದಳು. ಕಾಶವ್ವ "ಏನೂ ಇಲ್ರಿ, ಕಲ್ಲಿನಂಗ ಅದೀನಿ" ಎನ್ನುತ್ತಿದ್ದಳು. ಯಾರೋ ಮಾತುಗಾರ್ತಿ ಅತ್ತೆ ಇರಬೇಕೆಂದು ಡಾಕ್ಟರು ನಕ್ಕು ಬಿಡುತ್ತಿದ್ದರು. ಕಾಶವ್ವನಿಗೆ ಬಂದ ಬಯಕೆಗಳಿಗೆ ಕೊನೆಯಿಲ್ಲ: ಇವತ್ತು ಮಿರ್ಚಿ ಭಜಿ, ನಾಳೆ ಜಿಲೇಬಿ. ಎಲ್ಲವನ್ನೂ ಆಕೆ ಅರ್ಧ ತಿಂದು ಅರ್ಧ ದಾಕ್ಷಾಯಣಿಯ ಮನೆಯ ಕಟ್ಟೆಯ ಮೇಲೆ ಇಟ್ಟು ಹೋಗುತ್ತಿದ್ದಳು. ಇಷ್ಟು ಹಗುರಾದ ಬಸಿರನ್ನು ನಮ್ಮ ಓಣಿ ಕಂಡಿಲ್ಲವೆಂದು ಎಲ್ಲರೂ ಮೆಚ್ಚಿಕೊಂಡರು.

ಇತ್ತ ನನ್ನ ಪಾಡು ಕೇಳಬೇಡಿ. ಬೆಳಿಗ್ಗೆ ಎದ್ದರೆ ಓಕರಿಕೆ. ಒಗ್ಗರಣೆಯ ವಾಸನೆ ಬಂದರೆ ಮನೆ ಬಿಟ್ಟು ಓಡಬೇಕೆನ್ನಿಸುವುದು. ಮನೆಯಲ್ಲಿ ಮಗಳ ಶಾಲೆಯ ಕಾಲದ ಬಳಪದ ಡಬ್ಬಿ ಒಂದಿತ್ತು. ಮಗಳು ಮದುವೆಯಾಗಿ ಹೋಗಿ ಎಷ್ಟೋ ಕಾಲವಾಗಿದೆ. ಒಂದು ಮಧ್ಯಾಹ್ನ ನಾನು ಅದರಲ್ಲಿದ್ದ ಬಳಪಗಳನ್ನು ಕುರುಕುರು ಕಡಿಯುತ್ತಿರುವುದು ಹೆಂಡತಿ ನೀಲವ್ವನ ಕಣ್ಣಿಗೆ ಬಿತ್ತು.

"ಕುಡ್ಯಾಕತ್ತೀರೇನ?" ಎಂದಳು ಸೊಂಟಕ್ಕೆ ಕೈಯಿಟ್ಟು. "ಖರೇ ಹೇಳ್ರಿ. ಎಲ್ಲಾ ಅಂಗಡಿ ಬಂದ್ ಅದಾವು, ನಿಮಗ ಎಲ್ಲಿ ಸಿಗತೈತಿ?"

"ದೇವರಾಣಿ ಇಲ್ಲ. ಪಿತ್ತ ಆಗೇತಿ."

"ಪಿತ್ತ ಆದವರು ಬಳಪ ತಿಂತಾರೇನು?"

ಆಕೆ ನಾಲ್ಕು ದಿನ ನನ್ನ ಬಾಯಿ ಮೂಸಿ ನೋಡಿದಳು, ಖುರ್ಚಿಗಳ ಸಂದಿಯಲ್ಲಿ ಬಾಟಲಿ ಹುಡುಕಿದಳು. ಏನೂ ಸಿಗದಿದ್ದಾಗ ಸಿಟ್ಟು ಹೋಗಿ ಹೆದರಿಕೆ ಶುರುವಾಯಿತು. ಸೊಂಟ ನೋವು, ಎದೆಯುರಿ. ದೀಪಾವಳಿ ಕಳೆದ ಮೇಲೆ ತಲೆನೋವು ಬಂತು, ಅದು ಬಂದದ್ದು ಹೋಗಲೇ ಇಲ್ಲ. ಕಣ್ಣ ಮುಂದೆ ಕಿಡಿ ಹಾರತೊಡಗಿದವು. ಬಲಗಡೆ ಪಕ್ಕೆಯ ಕೆಳಗೆ ಯಾರೋ ಮುಷ್ಟಿಯಿಂದ ಗುದ್ದಿ ಹಿಡಿದಂತಹ ನೋವು. ಇಬ್ಬರಿಗೂ ಖಾತ್ರಿಯಾಯಿತು: ನನಗೆ ಜಡ್ಡು ಬಂದಿದೆ. ಹೊರಗೆ ಗೊತ್ತಾದರೆ ಬಿಳಿ ವ್ಯಾನು ಬರುತ್ತದೆ. ನೀಲವ್ವ ಕಿಟಕಿ ಹಾಕಿ, ನಾನು ನರಳಿದಾಗಲೆಲ್ಲ ಜೋರಾಗಿ ರೇಡಿಯೊ ಹಚ್ಚುತ್ತಿದ್ದಳು.

ಒಂದು ಗುರುವಾರ ಬೆಳಿಗ್ಗೆ ತಲೆನೋವಿಗೆ ನಾನು ಗೋಡೆಗೆ ಹಣೆ ಹಚ್ಚಿ ನಿಂತುಬಿಟ್ಟೆ. ಆಗ ನೀಲವ್ವನಿಗೆ ಒಂದು ಉಪಾಯ ಹೊಳೆಯಿತು. ಜ್ವರದ ನಂಬರಿಗೆ ಫೋನ್ ಮಾಡಿದರೆ ಮೊದಲು ವ್ಯಾನು, ಆಮೇಲೆ ಮಾತು. ಬಸುರಿಯರ ನಂಬರಿಗೆ ಮಾಡಿದರೆ ವ್ಯಾನು ಬರುವುದಿಲ್ಲ, ಡಾಕ್ಟರು ಮುಖ ಕೊಟ್ಟು ಮಾತಾಡುತ್ತಾರೆ.

"ಸೆರಗು ಹೊದ್ದು ಕೂಡ್ರಿ. ನನ್ನ ನಾದಿನಿ ಅಂತ ಹೇಳ್ತೀನಿ," ಎಂದಳು.

"ನನ್ನ ಮೀಸಿ?"

"ಸೆರಗಿನೊಳಗಿನ ಮೀಸಿ ಯಾರಿಗೆ ಕಾಣತೈತಿ? ಸುಮ್ಮನ ತಲಿ ಅಲ್ಲಾಡಸ್ರಿ ಸಾಕು."

ತನ್ನ ಹಸಿರು ಸೀರೆಯೊಂದನ್ನು ನನ್ನ ತಲೆಯ ಮೇಲೆ ಹೊದಿಸಿ ಗದ್ದದ ತನಕ ಎಳೆದಳು. ಐವತ್ತು ದಾಟಿದ ಗಂಡಸು, ಹೀಗೆ ಕೂತದ್ದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಆದರೆ ಆಗ ನಾಚುವ ತ್ರಾಣವೂ ಇರಲಿಲ್ಲ. ಫೋನನ್ನು ಖುರ್ಚಿಯ ಬೆನ್ನಿಗೆ ಒರಗಿಸಿ ಇಟ್ಟೆವು. ಬಹಳ ಹೊತ್ತು ಕಾದ ಮೇಲೆ ಡಾಕ್ಟರ ಮುಖ ಬಂತು. ಕನ್ನಡಕ, ದಣಿದ ಕಣ್ಣು.

"ಹೇಳಿ ಅಮ್ಮ, ಎಂಥ ತೊಂದರೆ?"

"ನಮ್ಮ ನಾದಿನಿರಿ. ಬಹಳ ನಾಚಿಕಿ ಸ್ವಭಾವ, ನಾನ ಹೇಳ್ತೀನಿ. ತಲಿ ಸಿಡಿದು ಹೋಗಾಕತ್ತೈತಿ ಅಂತಾಳ. ಗುಳಿಗಿ ನುಂಗಿದ್ರೂ ಹೋಗವಲ್ದು. ಕಣ್ಣ ಮುಂದ ಕಿಡಿ ಹಾರತಾವಂತ."

ಏನೋ ಬರೆಯುತ್ತಿದ್ದ ಡಾಕ್ಟರು ಪೆನ್ನು ಕೆಳಗಿಟ್ಟರು. "ಹೊಟ್ಟೆಯ ಮೇಲುಗಡೆ, ಬಲಕ್ಕೆ, ಪಕ್ಕೆಯ ಕೆಳಗೆ ನೋವು ಉಂಟಾ?"

ನೀಲವ್ವ ಬಾಯಿ ತೆರೆಯುವ ಮೊದಲೇ ನಾನು ಸೆರಗಿನೊಳಗಿಂದ ಹೂಂ ಹೂಂ ಎಂದು ತಲೆಯಾಡಿಸಿದೆ. ಕಂಡವರ ಹಾಗೆ ಹೇಳಿದರಲ್ಲ!

"ವಾಂತಿ ಯಾವಾಗ ಶುರುವಾದದ್ದು?"

"ಕಾರಹುಣ್ಣಿಮಿ ಹಿಂದಮುಂದ್ರಿ," ಎಂದಳು ನೀಲವ್ವ. ನಾದಿನಿ ಎನ್ನುವುದೊಂದು ಬಿಟ್ಟರೆ ಎಲ್ಲ ಖರೆಯೇ ಇತ್ತು.

ಡಾಕ್ಟರು ಬೆರಳಲ್ಲಿ ಲೆಕ್ಕ ಹಾಕಿದರು. "ಅಂದರೆ ಎಂಟನೇ ತಿಂಗಳು. ಸರಿಯಾಗಿ ಕೇಳಿ ಅಮ್ಮ. ಇದು ಬಸುರಿಯರಿಗೆ ಬಿಪಿ ಏರುವ ಲಕ್ಷಣ, ಬಹಳ ಏರಿದೆ ಅಂತ ಕಾಣ್ತದೆ. ಹೀಗೇ ಬಿಟ್ಟರೆ ಫಿಟ್ಸ್ ಬರ್ತದೆ. ತಾಯಿ, ಮಗು ಎರಡೂ ಕೈ ತಪ್ಪಿ ಹೋಗಬಹುದು. ಈಗಲೇ ದೊಡ್ಡ ಆಸ್ಪತ್ರೆಗೆ ಸೇರಿಸಬೇಕು, ನಾನು ಆಂಬುಲೆನ್ಸಿಗೆ ಹೇಳ್ತೇನೆ. ಸ್ವಲ್ಪ ಸೆರಗು ತೆಗೀಲಿಕ್ಕೆ ಹೇಳಿ, ಮುಖ ಊದಿದೆಯಾ ನೋಡ್ಬೇಕು."

ನಾನು ಸೆರಗನ್ನು ಎರಡೂ ಕೈಯಿಂದ ಬಿಗಿಹಿಡಿದೆ. ನೀಲವ್ವ ಹೌಹಾರಿ ನನ್ನ ಮುಂದೆ ಬರಲು ಹೋಗಿ ಸೀರೆಯ ಅಂಚು ತುಳಿದಳು. ಸೆರಗು ಜಾರಿ ಹೆಗಲಿಗೆ ಬಿತ್ತು.

"ಮೀಸೆ ಉಂಟಲ್ಲ ಮಾರಾಯ್ರೆ!" ಡಾಕ್ಟರ ದನಿ ಏರಿತು. "ಇಲ್ಲಿ ಎಷ್ಟು ಜನ ಹೆಂಗಸರು ಕಾಯ್ತಾ ಇದ್ದಾರೆ ಗೊತ್ತುಂಟಾ? ನಿಮಗೆ ಇದು ತಮಾಷೆಯಾ?" ಫೋನು ಕಟ್ಟಾಯಿತು.

ನೀಲವ್ವ ನನ್ನನ್ನೇ ನೋಡುತ್ತಿದ್ದಳು, ಮೊದಲ ಸಲ ಕಂಡ ಹಾಗೆ. ಆಮೇಲೆ ನಿಧಾನವಾಗಿ, ತನಗೇ ಹೇಳಿಕೊಳ್ಳುವಂತೆ ಹೇಳಿದಳು: "ಕಾರಹುಣ್ಣಿಮಿ. ವಾಂತಿ. ಬಳಪ. ರೀ, ಎದುರುಮನಿ ದಾಕ್ಷಾಯಣಿಗೂ ಈಗ ಎಂಟನೇದ್ದ ಅಲ್ಲೇನ್ರಿ?"

ನಾನು ಏನೋ ಅನ್ನುವಷ್ಟರಲ್ಲಿ ಗುರುಸಿದ್ಧವ್ವನಿಗೆ ಫೋನ್ ಹಚ್ಚಿಬಿಟ್ಟಿದ್ದಳು. "ಅತ್ತಿ, ಏನೂ ಕೇಳಬ್ಯಾಡ್ರಿ. ಸೊಸಿ ಮೈಯಾಗ ಎಲ್ಲಿಯಾದ್ರೂ ಜೋರಾಗಿ ಚಿವುಟ್ರಿ. ಎಲ್ಲಿ ಅಂತ ಹೇಳಬ್ಯಾಡ್ರಿ."

ಎಡಗಿವಿ ಕಿತ್ತು ಬಂದ ಹಾಗಾಯಿತು. "ಕಿವಿ! ಎಡಗಿವಿ ಹಿಂಡಾಕತ್ತಾಳ ಮುದುಕಿ!" ಎಂದು ಕೂಗಿದೆ. ಫೋನಿನ ಆಚೆ ಗುರುಸಿದ್ಧವ್ವ "ಶಿವನೇ" ಎಂದದ್ದು ಕೇಳಿಸಿತು.

ನನಗೆ ಜಡ್ಡು ಬಂದಿಲ್ಲ ಎಂಬ ಸಮಾಧಾನ ಒಂದು ಉಸಿರು ಎಳೆದುಕೊಳ್ಳುವಷ್ಟೂ ಉಳಿಯಲಿಲ್ಲ. ಡಾಕ್ಟರು ಹೇಳಿದ್ದೆಲ್ಲ ಹಾಗಾದರೆ ಆ ಹುಡುಗಿಯ ಮಾತು. ಫಿಟ್ಸ್, ತಾಯಿ, ಮಗು. ಅದೇ ಬೆಳಿಗ್ಗೆ ಆಕೆ ಡಾಕ್ಟರ ಮುಂದೆ ಕೂತು ಏನೂ ನೋವಿಲ್ಲ ಎಂದು ನಕ್ಕು ಫೋನ್ ಇಟ್ಟಿದ್ದಳು. ಇಷ್ಟು ದಿನ ರೇಡಿಯೊ ಹಚ್ಚಿ ಮುಚ್ಚಿದ್ದು ಆಕೆಯ ಕೂಗನ್ನು.

ಹೊಸ್ತಿಲು ದಾಟಬಾರದೆಂಬ ನಿಯಮ ಮರೆತು ನಾನು ಕಟ್ಟೆಗೆ ಬಂದು ಕಂಬ ಹಿಡಿದು ನಿಂತೆ. ನಮ್ಮ ಓಣಿ ಸಣ್ಣದು, ಎದುರುಕಟ್ಟೆಯ ಮಾತು ಈಚೆ ಕೇಳುತ್ತದೆ. ಗುರುಸಿದ್ಧವ್ವ ಸೊಸೆಯನ್ನು ಕಟ್ಟೆಯ ಮೇಲೆ ಕೂಡಿಸಿ ಡಾಕ್ಟರಿಗೆ ಮತ್ತೆ ಫೋನ್ ಮಾಡಿದಳು. ಅದೃಷ್ಟಕ್ಕೆ ಬೇಗ ಸಿಕ್ಕರು.

"ದಾಕ್ಷಾಯಣಿ, ಬೆಳಿಗ್ಗೆ ಮಾತಾಡಿದೆವಲ್ಲ? ಏನಾಯ್ತು, ತಲೆನೋವಾ?"

"ನನಗೇನೂ ಇಲ್ರಿ ಡಾಕ್ಟರವ್ವಾ. ಎಲ್ಲಾ ಮಾನಪ್ಪ ಕಾಕಾಗ ಐತಂತ."

"ಯಾವ ಮಾನಪ್ಪ?"

ಗುರುಸಿದ್ಧವ್ವ ಫೋನನ್ನು ನನ್ನ ಕಡೆ ತಿರುಗಿಸಿದಳು. ಹಸಿರು ಸೀರೆ ಇನ್ನೂ ನನ್ನ ಹೆಗಲ ಮೇಲೆಯೇ ಇತ್ತು. ಡಾಕ್ಟರು "ಇವರಾ!" ಎಂದರು.

"ಸಿಟ್ಟಾಗಬ್ಯಾಡ್ರಿ," ಎಂದು ಓಣಿಯ ಈಚೆಯಿಂದ ಕೂಗಿ ಹೇಳಿದೆ. "ಹೊಟ್ಟಿ ಆಕಿದು, ಬ್ಯಾನಿ ನಂದು. ನೀವು ಇಷ್ಟು ದಿನ ಬ್ಯಾನಿ ಇಲ್ಲದವರನ್ನ ಕೇಳೀರಿ. ನಾವೂ ತಪ್ಪು ತಿಳಕೊಂಡಿದ್ದಿವ್ರಿ. ಆಕಿನ್ನ ಉಳಸ್ರಿ."

ಡಾಕ್ಟರು ಫೋನಿಗೆ ಮುಖ ಹತ್ತಿರ ತಂದರು. "ನೀವು ಹೇಳುವುದು ನನಗೆ ಅರ್ಥ ಆಗುವುದಿಲ್ಲ. ಅರ್ಥ ಮಾಡ್ಕೊಳ್ಳಲಿಕ್ಕೆ ಈಗ ಪುರುಸೊತ್ತೂ ಇಲ್ಲ. ಹುಡುಗಿಯ ಕಾಲು ತೋರಿಸಿ. ಮೊಣಕಾಲಿನ ಕೆಳಗೆ, ಎಲುಬಿನ ಮೇಲೆ ಹೆಬ್ಬೆರಳಿಂದ ಒತ್ತಿ ಹಿಡೀರಿ."

ಗುರುಸಿದ್ಧವ್ವ ಒತ್ತಿದಳು. ನನ್ನ ಕಾಲು ಚುಳುಕ್ ಎಂದಿತು. ಆಕೆ ಬೆರಳು ತೆಗೆದ ಮೇಲೆ ಕಾಲಿನಲ್ಲಿ ಗುಳಿ ಹಾಗೇ ಉಳಿಯಿತು, ನಾದಿದ ಹಿಟ್ಟಿನಲ್ಲಿ ಉಳಿದ ಹಾಗೆ. ಮೈ ಕೈ ತುಂಬಿಕೊಂಡು ಚಂದ ಆಗಿದ್ದಾಳೆ ಎಂದು ಓಣಿಯೆಲ್ಲ ಹೇಳಿದ್ದು ಈ ಬಾವನ್ನು ನೋಡಿಯೇ. ಡಾಕ್ಟರು ತಕ್ಷಣ ಇನ್ನೊಂದು ಫೋನು ಕೈಗೆ ತೆಗೆದುಕೊಂಡು ಗಾಡಿಗೆ ಹೇಳತೊಡಗಿದರು.

ಗಾಡಿ ಬರುವಷ್ಟರಲ್ಲಿ ಕಾಶವ್ವನಿಗೆ ಸುದ್ದಿ ಮುಟ್ಟಿತ್ತು. ಆಕೆ ಮೂಲೆಮನೆಯ ಕಟ್ಟೆಯ ಮೇಲೆ ನಿಂತು ಎದೆ ಬಡಿದುಕೊಂಡು ಅತ್ತಳು. "ನಾ ಸುಳ್ಳ ಹೇಳಿಲ್ಲವಾ ದಾಕ್ಷಾಯಣೀ, ಕೈ ಸುಟ್ಟಿತ್ತು, ಎಲ್ಲಾರೂ ನೀನ ಅಂದ್ರು, ನಾನೂ ನಾನ ಅನಕೊಂಡೆ."

"ಅಳಬ್ಯಾಡ ಅತ್ತಿ," ಎಂದಳು ದಾಕ್ಷಾಯಣಿ. "ನಿನ್ನ ಜಿಲೇಬಿ ತಿಂದೀನಿ, ನಿನ್ನ ಋಣ ಐತಿ."

ಆಸ್ಪತ್ರೆಗೆ ಜೊತೆಗೆ ಯಾರನ್ನೂ ಬಿಡುವುದಿಲ್ಲ ಎಂದರು, ಅತ್ತೆಯನ್ನೂ ಬಿಡಲಿಲ್ಲ. ಸಣ್ಣದೊಂದು ಬಟ್ಟೆಯ ಗಂಟು ಹಿಡಿದು ದಾಕ್ಷಾಯಣಿ ಒಬ್ಬಳೇ ಗಾಡಿ ಹತ್ತಿದಳು. ಬಾಗಿಲು ಹಾಕುವ ಮುಂಚೆ ತಿರುಗಿ ನನ್ನನ್ನು ನೋಡಿದಳು.

"ಕಾಕಾ, ಬಹಳ ನೋವೈತೇನ?"

"ಏನಿಲ್ಲ ಬಿಡವಾ. ಸೊಳ್ಳಿ ಕಡದಂಗ."

"ನನ್ನ ಮುಂದ ಸುಳ್ಳ ಹೇಳು, ಡಾಕ್ಟರ ಮುಂದ ಖರೇ ಹೇಳು. ನನಗೇನಾದ್ರೂ ನನಗ ಗೊತ್ತಾಗಂಗಿಲ್ಲ. ನಿನಗ ಗೊತ್ತಾಗೋದು." ನಗುತ್ತಲೇ ಹೇಳಿದಳು. ಕೈ ಮಾತ್ರ ಗಾಡಿಯ ಬಾಗಿಲನ್ನು ಬಿಗಿಯಾಗಿ ಹಿಡಿದಿತ್ತು.

ನೀಲವ್ವ ಖುರ್ಚಿಗಳನ್ನು ಸರಿಸಿ ಪಡಸಾಲೆಯಲ್ಲಿ ಹಾಸಿಗೆ ಹಾಸಿದಳು. ನನ್ನ ತಲೆಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಕೂತಳು. ಡಾಕ್ಟರು ಆಗಾಗ ಫೋನ್ ಮಾಡಿ ಕೇಳುತ್ತಿದ್ದರು, ಕೇಳುವ ದನಿಯಲ್ಲಿ ಇನ್ನೂ ಅರ್ಧ ನಂಬಿಕೆ, ಅರ್ಧ ಅನುಮಾನ. ಹಾಗೆ ಮಾತಾಡುತ್ತಿರುವಾಗಲೇ ನಾನು ಮಲಗಿದಲ್ಲಿಂದ ಚೀರಿ ಎದ್ದು ಕೂತೆ.

"ಚುಚ್ಚಿದ್ರು ಡಾಕ್ಟರವ್ವಾ! ಕುಂಡಿಗೆ! ಎಪ್ಪಾ, ಆ ಕಡಿಗೂ ಚುಚ್ಚಿದ್ರು!"

ಡಾಕ್ಟರು ಪಕ್ಕಕ್ಕೆ ಯಾರೊಡನೆಯೋ ಮಾತಾಡಿದರು. ಮತ್ತೆ ನನ್ನ ಕಡೆ ತಿರುಗಿದಾಗ ಅವರ ಮುಖ ಬೇರೆಯಾಗಿತ್ತು. "ಈಗಷ್ಟೇ ಅಲ್ಲಿಯ ಸಿಸ್ಟರ್ ಹೇಳಿದ್ರು. ಫಿಟ್ಸ್ ಬಾರದ ಹಾಗೆ ಎರಡೂ ಬದಿಗೆ ಇಂಜೆಕ್ಷನ್ ಕೊಟ್ಟಾಯ್ತಂತೆ." ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಮಾನಪ್ಪನವರೇ, ಇನ್ನು ನಾನು ಕೇಳುವುದು ನಿಮ್ಮನ್ನೇ. ತಲೆನೋವು ಹೇಗುಂಟು? ಕಣ್ಣು? ನೀವು ಹೇಳಿದ್ದನ್ನು ನಾನು ಅಲ್ಲಿಗೆ ಹೇಳ್ತೇನೆ."

ಸ್ವಲ್ಪ ಹೊತ್ತಿನಲ್ಲಿ ಕಿಡಿಗಳು ಕಡಿಮೆಯಾದವು, ತಲೆಯ ಭಾರ ಇಳಿಯಿತು. ಪಕ್ಕೆಯ ನೋವು ಮಾತ್ರ ಹಾಗೇ ಇತ್ತು. ನೀಲವ್ವ ನನ್ನ ಹಣೆ ಒರೆಸುತ್ತಾ ಇದ್ದವಳು ಇದ್ದಕ್ಕಿದ್ದಂತೆ ಕೇಳಿದಳು, "ಹೆಂಗಿರತೈತ್ರಿ ಅದು?"

"ಯಾವುದು?"

"ಬ್ಯಾನಿ. ನಾ ಒಂದು ಹಡದೀನಿ, ನನಗ ಗೊತ್ತಿಲ್ಲ ನೋಡ್ರಿ. ನನ್ನ ಬ್ಯಾನಿ ಎಲ್ಲಾ ಪೋಸ್ಟಮನ್ ಹೆಂಡತಿ ಉಂಡಳು. ಒಂದಿನಾನೂ ಕೇಳಲಿಲ್ಲ ಆಕಿನ್ನ, ಹೆಂಗಿತ್ತು ಅಂತ." ಆಕೆಯ ಕಣ್ಣಲ್ಲಿ ನೀರಿತ್ತು. ಆಕೆಯ ಕೈ ತೆಗೆದುಕೊಂಡು ಪಕ್ಕೆಯ ಮೇಲೆ ಇಟ್ಟುಕೊಂಡೆ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಡಾಕ್ಟರು ಹೇಳಿದರು, "ಆಪರೇಷನ್ ಮಾಡಿ ಮಗು ತೆಗೀತಾರೆ, ಕಾಯುವ ಹಾಗಿಲ್ಲ. ನನಗೆ ಇಲ್ಲಿ ಬೇರೆಯವರು ಕಾಯ್ತಾ ಇದ್ದಾರೆ, ಆಮೇಲೆ ಮಾಡ್ತೇನೆ." ನಮ್ಮ ಓಣಿಯಲ್ಲಿ ಅಲ್ಲಿಯ ತನಕ ಯಾರೂ ಹೊಟ್ಟೆ ಕೊಯ್ಸಿಕೊಂಡು ಹಡೆದವರಿಲ್ಲ. ಹೊಟ್ಟೆಯ ಮೇಲೆ ಕತ್ತಿ ಆಡುವುದನ್ನು ತಾಳಿಕೊಳ್ಳಬೇಕಲ್ಲ ಎಂದು ನಾನು ಗಟ್ಟಿಯಾದೆ. ನೀಲವ್ವ ಕಚ್ಚಿಕೊಳ್ಳಲು ಟವೆಲ್ಲು ಸುತ್ತಿ ಬಾಯಿಗೆ ಕೊಟ್ಟಳು. ಬೆನ್ನಿನ ನಡುವೆ ಸೂಜಿ ಚುಚ್ಚಿದ ಹಾಗಾಯಿತು. ಆಮೇಲೆ ಪಕ್ಕೆಯ ನೋವು ಇಳಿಯಿತು. ಸೊಂಟದ್ದು ಇಳಿಯಿತು. ಆಮೇಲೆ ಏನೂ ಇಲ್ಲ.

ಕಾದೆವು. ಏನೂ ಇಲ್ಲ. ಎಷ್ಟೋ ತಿಂಗಳ ಮೇಲೆ ನನ್ನ ಮೈ ನನ್ನದೇ ಆಗಿತ್ತು, ಹಗುರಾಗಿತ್ತು. ಟವೆಲ್ಲು ಬಾಯಿಂದ ತೆಗೆದು ನೀಲವ್ವನ ಮುಖ ನೋಡಿದೆ. ಮಗುವಿನ ಅಳು ಕೇಳುವ ಮೊದಲು ಬೇನವ್ವನ ಮೈ ಒಮ್ಮೆಲೇ ಹಗುರಾಯಿತೆಂದರೆ ಏನರ್ಥ ಎನ್ನುವುದು ನಮ್ಮೂರಿನ ಹಿರಿಯರಿಗೆಲ್ಲ ಗೊತ್ತು. ನಾವು ಸಣ್ಣವರಿದ್ದಾಗ ಹಾಗೊಮ್ಮೆ ಆಗಿತ್ತು. ಹೊರಗಿನ ಕೋಣೆಯಲ್ಲಿ ಕೂಗುತ್ತಿದ್ದವಳು ಥಟ್ಟನೆ ಸುಮ್ಮನಾಗಿ, ತನ್ನ ಹೊಟ್ಟೆ ಮುಟ್ಟಿ ನೋಡಿಕೊಂಡು, ಗೋಡೆಗೆ ತಲೆ ಚಚ್ಚಿಕೊಂಡಿದ್ದಳು.

ಎದುರುಕಟ್ಟೆಯಿಂದ ಗುರುಸಿದ್ಧವ್ವ ಕೂಗಿದಳು. "ಮಾನಪ್ಪಾ, ಹೆಂಗೈತಪ್ಪಾ?"

ನಾನು ಟವೆಲ್ಲನ್ನು ಮಡಿಚಿದೆ, ಬಿಚ್ಚಿದೆ, ಮತ್ತೆ ಮಡಿಚಿದೆ.

"ಮಾನಪ್ಪಾ, ನೋಯಾಕತ್ತೈತಿಲ್ಲ?"

"ಸ್ವಲ್ಪ ಕಡಿಮಿ ಐತಿ ಅತ್ತಿ," ಎಂದೆ. ಕಿಟಕಿಯಿಂದ ನೋಡಿದರೆ ಮುದುಕಿ ಕಟ್ಟೆಯ ಮೇಲೆ ಕುಕ್ಕರಿಸಿ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು.

ಡಾಕ್ಟರಿಗೆ ಫೋನ್ ಹಚ್ಚಿದೆ, ಬೇರೆ ಕರೆಯಲ್ಲಿದ್ದಾರೆ ಎಂದಿತು. ಮತ್ತೆ ಹಚ್ಚಿದೆ, ಅದೇ ಮಾತು. ನನ್ನ ತೊಡೆಗೆ ನಾನೇ ಗುದ್ದಿಕೊಂಡೆ. ನೋಯಿತು, ಆದರೆ ಅದು ನನ್ನ ನೋವು, ಅದನ್ನು ಕಟ್ಟಿಕೊಂಡು ಏನು ಮಾಡಲಿ? ಕಣ್ಣು ಮುಚ್ಚಿ ಮೈಯೆಲ್ಲ ಹುಡುಕಿದೆ. ತಲೆಯಲ್ಲಿ, ಪಕ್ಕೆಯಲ್ಲಿ, ಕಾಲಿನಲ್ಲಿ ಎಲ್ಲಾದರೂ ಒಂದು ಸಣ್ಣ ಚುಳುಕು ಇದ್ದೀತೇ ಎಂದು. ಇಷ್ಟು ದಿನ ಹೋಗು ಹೋಗು ಎಂದು ಶಪಿಸಿದ್ದನ್ನು ಬಾ ಎಂದು ಬೇಡಿಕೊಂಡೆ. ಗೋಡೆಗೆ ಹಣೆ ಹಚ್ಚಿ ನಿಲ್ಲುತ್ತೇನೆ, ಬಳಪ ತಿನ್ನುತ್ತೇನೆ, ಬೇಕಾದರೆ ಸಾಯುವ ತನಕ ಇಟ್ಟುಕೊಳ್ಳುತ್ತೇನೆ, ಬಾ. ನೀಲವ್ವ ನನ್ನ ಬೆನ್ನು ಸವರುತ್ತಾ ಬಿಕ್ಕುತ್ತಿದ್ದಳು. ಬಿಸಿಲು ಖುರ್ಚಿಗಳ ಮೇಲಿಂದ ಇಳಿದು ಬಾಗಿಲಿಗೆ ಹೋಯಿತು.

ಮೊದಲು ಅದು ನೋವು ಎಂದೇ ತಿಳಿಯಲಿಲ್ಲ. ಕಿಬ್ಬೊಟ್ಟೆಯ ಮೇಲೆ ಏನೋ ಬೆಚ್ಚಗೆ. ಬರೀ ಭ್ರಮೆ ಎಂದುಕೊಂಡು ಉಸಿರು ಹಿಡಿದೆ. ಬೆಚ್ಚಗಿದ್ದದ್ದು ಬಿಸಿಯಾಯಿತು, ಬಿಸಿ ಉರಿಯಾಯಿತು. ಹೊಕ್ಕುಳದ ಕೆಳಗೆ, ಈ ಕಡೆಯಿಂದ ಆ ಕಡೆಗೆ, ಯಾರೋ ಕೆಂಡದ ಗೆರೆ ಎಳೆಯುತ್ತಿದ್ದ ಹಾಗೆ. ಕೆಮ್ಮಿದರೆ ಪ್ರಾಣ ಹೋಗುವಂಥ ಉರಿ.

"ಬಂತು," ಎಂದೆ. ಆಮೇಲೆ ಗಂಟಲು ಹರಿಯುವಂತೆ ಕೂಗಿದೆ, "ಬಂತು ನೀಲವ್ವಾ! ನೋಯಾಕತ್ತೈತಿ! ಎಪ್ಪಾ, ಸಾಯತೀನಿ, ಬಹಳ ನೋಯಾಕತ್ತೈತಿ!"

ನೀಲವ್ವ ನನ್ನನ್ನು ಹಾಗೇ ಬಿಟ್ಟು, ಖುರ್ಚಿಗಳನ್ನು ಉರುಳಿಸಿಕೊಂಡು ಹೊರಗೆ ಓಡಿದಳು. ಓಣಿಯ ನಡುವೆ ನಿಂತು ಎರಡೂ ಕೈ ಎತ್ತಿ ಕೂಗಿದ್ದು ನನಗೆ ಒಳಗೆ ಕೇಳಿಸಿತು: "ಅತ್ತಿ, ನಿನ್ನ ಸೊಸಿ ಅದಾಳ! ನನ್ನ ಗಂಡ ಒದ್ದಾಡಾಕತ್ತಾನ! ಅದಾಳ ಆಕಿ, ಅದಾಳ!" ಕಿಟಕಿಗಳು ತೆರೆದವು. ಮೂಲೆಮನೆಯ ಕಾಶವ್ವ ಬಾಗಿಲಲ್ಲಿ ನಿಂತು ಚಪ್ಪಾಳೆ ಹೊಡೆದು ಅತ್ತಳಂತೆ. ಗುರುಸಿದ್ಧವ್ವ ನಿಯಮ ಗಿಯಮ ಎನ್ನದೆ ಓಣಿ ದಾಟಿ ಬಂದು ನನ್ನ ಕಾಲ ಬಳಿ ಕೂತಳು. ನಾನು ನರಳಿದ ಹಾಗೆಲ್ಲ ಆಕೆ ಇನ್ನೂ ಐತೇನು, ಇನ್ನೂ ಐತೇನು ಎಂದು ಕೇಳಿ ಕೇಳಿ ನಗುತ್ತಿದ್ದಳು.

ಡಾಕ್ಟರ ಫೋನು ಬಂದದ್ದು ಆಮೇಲೆ. ಕೂದಲು ಕೆದರಿತ್ತು, ಮುಖದ ತುಂಬ ನಗು. "ಹೆಣ್ಣು ಮಗು. ಸಣ್ಣದುಂಟು, ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ, ಆದರೆ ಅಳು ಕೇಳಬೇಕು ನೀವು, ಇಡೀ ವಾರ್ಡಿಗೆ ಕೇಳ್ತದಂತೆ. ತಾಯಿಯೂ ಸರಿ ಇದ್ದಾಳೆ." ನಾವು ಮಧ್ಯಾಹ್ನ ಹೆದರಿದ್ದನ್ನು ಕೇಳಿ ಹಣೆ ಚಚ್ಚಿಕೊಂಡರು. "ಅಯ್ಯೋ ದೇವರೇ, ಕೊಯ್ಯುವ ಮುಂಚೆ ಬೆನ್ನಿಗೆ ಚುಚ್ಚಿ ಮರಗಟ್ಟಿಸ್ತಾರೆ ಮಾರಾಯ್ರೆ. ಅದನ್ನು ನಿಮಗೆ ಹೇಳಬೇಕಿತ್ತು, ನನಗೆ ಹೊಳೆಯಲೇ ಇಲ್ಲ. ಈಗ ಅದರ ಪ್ರಭಾವ ಇಳಿದಿದೆ, ಅದಕ್ಕೇ ನಿಮಗೆ ಇಷ್ಟು ಉರಿ. ಒಂದು ನಿಮಿಷ, ನೋವಿನ ಇಂಜೆಕ್ಷನ್ ಕೊಡಲಿಕ್ಕೆ ಸಿಸ್ಟರಿಗೆ ಹೇಳ್ತೇನೆ. ಆಕೆಗೆ ಕೊಟ್ಟರೆ ನಿಮಗೆ ಆರಾಮ ಆಗ್ತದಲ್ಲ?"

ನಾನು ಟವೆಲ್ಲಿನಿಂದ ಮುಖ ಒರೆಸಿಕೊಂಡೆ. ಕಾಲ ಬಳಿ ಗುರುಸಿದ್ಧವ್ವ ನನ್ನ ಬಾಯನ್ನೇ ನೋಡುತ್ತಿದ್ದಳು. ಆಸ್ಪತ್ರೆಯ ಬಾಗಿಲೊಳಗೆ ನಮ್ಮವರಾರನ್ನೂ ಬಿಡುತ್ತಿರಲಿಲ್ಲ.

"ಸ್ವಲ್ಪ ತಡಾ ಮಾಡಿ ಕೊಡಸ್ರಿ ಡಾಕ್ಟರವ್ವಾ," ಎಂದೆ. "ಆಕಿ ಅದಾಳ ಅಂತ ಇನ್ನೊಂದೀಟು ಹೊತ್ತು ಗೊತ್ತಾಗಲಿ."